ಮರಳು

ಈ ಅಂಗಿಯನ್ನು ನೀರಲ್ಲಿ ಒಗೆಯುವಂತಿಲ್ಲ.
ಕಬ್ಬಿಣದ್ದು, ಮೂವತ್ತು ಸಾವಿರ ಕೊಂಡಿ,
ಹನಿ ಸೋಕಿದರೂ ಕೆಂಪಗೆ ಮುನಿಯುತ್ತದೆ.
ಪೀಪಾಯಿಗೆ ಮರಳು ಸುರಿದು, ಹುಳಿತ ವೈನು ಎರೆದು,
ಅಂಗಿ ಮಡಿಸಿಟ್ಟು, ಮುಚ್ಚಳ ಬಡಿದು
ಅಂಗಳದ ಈ ಗೋಡೆಯಿಂದ ಆ ಗೋಡೆಗೆ
ಉರುಳಿಸಬೇಕು, ಬಿಸಿಲು ನೆತ್ತಿಗೇರುವ ತನಕ.
ನಾನು ಪೆರ್ನೆಲ್. ಒಂಬತ್ತರ ವಯಸ್ಸಿನಿಂದ
ಉರುಳಿಸಿದ್ದೇನೆ, ಕಾಲಲ್ಲಿ.
ಕೈಯಲ್ಲಿ ಕದಿರು ಇರುತ್ತಿತ್ತು.

ಒಡೆಯ ಅಮೊರಿ ಕತ್ತಿ ಕಟ್ಟಿಸಿಕೊಳ್ಳುವ ಹಿಂದಿನ ರಾತ್ರಿ
ಇಗರ್ಜಿಯ ಕಲ್ಲುನೆಲದ ಮೇಲೆ ಮೊಣಕಾಲೂರಿದ್ದ.
ದೀಪಕ್ಕೆ ಎಣ್ಣೆ ಹಾಕಲು ಹೋದವಳು ಕಂಡೆ:
ನಿದ್ದೆ ಬಾರದಿರಲೆಂದು ಕಚ್ಚಿ ಕಚ್ಚಿ
ತುಟಿಯೆಲ್ಲ ರಕ್ತ.
ಬೆಳಗ್ಗೆ ಊರೆದುರು ಆಣೆ ಇಟ್ಟ.
ವಿಧವೆಯರ ಕಾಯುವೆ, ತಬ್ಬಲಿಗಳ ಕಾಯುವೆ,
ಬೆನ್ನು ತಿರುಗಿಸಿದವನ ಹೊಡೆಯೆ,
ಆಡಿದ್ದನ್ನು ನುಂಗೆ.
ಮುದಿ ಚಿಕ್ಕಪ್ಪ ಕೆನ್ನೆಗೊಂದು ಬಿಗಿದ, ನೆನಪಿರಲೆಂದು.
ಅಂದು ಎಲ್ಲರಿಗೂ ಹಂದಿಯ ಬಾಡು.
ಸುಳ್ಳೇಕೆ, ರುಚಿಯಾಗಿತ್ತು.

ಅಲ್ಯೆ ಹೊಳೆಯಾಚೆ ಕಾಳಗ.
ಕುದುರೆಯ ಹಿಂದೆ ಬರಿಗಾಲಲ್ಲಿ ನನ್ನ ತಮ್ಮ ತಿಬೋ,
ಹೆಗಲಿಗೆ ಎರವಲು ಈಟಿ.
ಸೋತರು.
ನೆಲಕ್ಕುರುಳಿದ ಅಮೊರಿ ಬಲಗೈ ಕವಚ ಬಿಚ್ಚಿ ನೀಡಿದ.
ಗೆದ್ದವನು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡ,
ನೀರು ಕೊಟ್ಟ, ರಾತ್ರಿ ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡ.
ತಿಬೋನ ಕೈಗೆ ಕವಚವಿರಲಿಲ್ಲ
ಬಿಚ್ಚಿ ನೀಡಲು.

ಬಿಡುಗಡೆಗೆ ಆರುನೂರು ಬೆಳ್ಳಿ. ಸಂತ ಯೋಹಾನನ ಹಬ್ಬ ಗಡುವು.
ಹಣವೋ, ನೀನೋ, ಎಂದು
ಬರಿಯ ಮಾತಿನ ಮೇಲೆ ಬಿಟ್ಟು ಕಳಿಸಿದರು.
ಊರು ಕೂಡಿಸಿತು. ಗಿರಣಿಯವನ ಕತ್ತೆ,
ಬಿತ್ತನೆಗಿಟ್ಟ ರೈ, ಇಗರ್ಜಿಯ ಕಿರುಗಂಟೆ.
ಅಮೊರಿಯೂ ಕುದುರೆ ಮಾರಿದ.
ಗಂಡ ಸತ್ತ ಮಾರ್ಸಂತ್ ತಾಮ್ರದ ಹಂಡೆ ಹೊತ್ತು ತಂದಳು.
ಕಾಯುವೆ ಎಂದಿದ್ದನಲ್ಲ,
ಈಗ ಅವಳ ಒಲೆಯ ಮೇಲೆ ಕಾಯುವುದು ಏನೂ ಇಲ್ಲ.
ಎಣಿಸಿದರು. ನಾನೂರ ಹದಿನೇಳು.
ಮತ್ತೆ ಎಣಿಸಿದರು.

ಹಬ್ಬಕ್ಕೆ ಮೂರು ದಿನ ಇರುವಾಗ ಅಂಗಳಕ್ಕೆ ಬಂದ.
'ಅಂಗಿ ಬೆಳಗಿಕೊಡು.'
ಸೆರೆಗೆ ಹೋಗುವವನಿಗೆ ಹೊಳೆಯುವ ಅಂಗಿ!
'ಹೋಗದಿದ್ದರೆ? ತೆಂಕಣ ಕಾಡು ದೊಡ್ಡದು,
ಹುಡುಕುವವರು ಯಾರು?'
ಕೋಳಿ ಮಾತಾಡಿತೇನೋ ಎಂಬಂತೆ ನೋಡಿದ.
'ಮಾತು ಕೊಟ್ಟಿದ್ದೇನೆ, ಪೆರ್ನೆಲ್.'
ನಮಗೂ ಕೊಟ್ಟಿದ್ದಿರಿ
ಎನ್ನಲಿಲ್ಲ ನಾನು. ಪೀಪಾಯಿಗೆ ಕಾಲು ಕೊಟ್ಟೆ.

ಎರಡು ಸುತ್ತಾದ ಮೇಲೆ ಪಕ್ಕದಲ್ಲಿ ಇನ್ನೊಂದು ಕಾಲು.
ಅಭ್ಯಾಸವಿಲ್ಲ, ಪೀಪಾಯಿ ಸೊಟ್ಟಗೆ ಓಡಿತು,
ಕೋಳಿಗೂಡಿಗೆ ಬಡಿಯಿತು.
ತಿದ್ದಿಕೊಂಡ. ಮೊಗಚಿದ. ಮತ್ತೆ ತಿದ್ದಿಕೊಂಡ.
ಒಳಗೆ ಮೂವತ್ತು ಸಾವಿರ ಕೊಂಡಿ, ಹೊಳೆದಂಡೆಯ ಮರಳು
ಒಂದನ್ನೊಂದು ತಿನ್ನುವ ಸದ್ದು.
'ತಿಬೋಗೆ ಎಷ್ಟಾಗಿತ್ತು?'
'ಹದಿನೇಳು.'
ಪೀಪಾಯಿ ಗೋಡೆಗೆ ತಾಗಿತು.
ತಿರುಗಿಸಲು ಅವನಿಗೆ ತುಸು ಹೊತ್ತು ಹಿಡಿಯಿತು.

ನಡೆದೇ ಹೋದ.
ಸೇತುವೆಯವರೆಗೂ ಹೊಳೆಯುತ್ತಿದ್ದ, ಹಾಳಾದವ;
ಕೆಲಸ ಮಾಡಿದರೆ ನಾನು ಹಾಗೆಯೇ ಮಾಡುವುದು.
ಗೆದ್ದವನ ಮನೆಗೆ ಹಬ್ಬದ ದಿನವೇ ಮರಳಿದನಂತೆ.
ಅಲ್ಲಿ ಹಾಡು ಕಟ್ಟಿದರಂತೆ.
ಇಲ್ಲಿಗೆ, ಇನ್ನೂ ಇಲ್ಲ.

ಪೀಪಾಯಿ ಬರಿದು ಮಾಡುವಾಗ ಮರಳನ್ನು ಜರಡಿ ಹಿಡಿದೆ.
ಕೊಂಡಿಯೊಂದು ಕಳಚಿ ಬಿದ್ದಿತ್ತು, ಎದೆಯದೋ ತೋಳಿನದೋ.
ಕಲ್ಲಿನ ಮೇಲಿಟ್ಟು ಜಜ್ಜಿ, ಬಿಡಿಸಿ, ತುದಿ ಮಸೆದೆ.
ಒಳ್ಳೆಯ ಗಾಳ.
ಆ ಬೇಸಿಗೆಯಲ್ಲಿ ಹನ್ನೊಂದು ಮೀನು ಬಿದ್ದವು.
ನಾಲ್ಕು ಮಾರ್ಸಂತಳಿಗೆ.
ಕೆಂಡದಲ್ಲಿ ಸುಟ್ಟು ತಿಂದಳು,
ಹಂಡೆ ಇರಲಿಲ್ಲವಲ್ಲ.